ಫೋನಿನ ಆ ಕಡೆ ಕೂತ ಮಗುವಿಗೆ ಕನ್ನಡ ಓದಲು ಕಲಿಸುವುದು

ನನ್ನ ಅಕ್ಕನ ಮಗಳು ಮೂರನೇ ತರಗತಿಗೆ ಬಂದಿದ್ದಳು, ಆದರೂ ಕನ್ನಡ ಪುಸ್ತಕದ ಒಂದು ಸಾಲು ಓದಲು ಆಗುತ್ತಿರಲಿಲ್ಲ. ಅವರು ಇರುವುದು ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿ, ನಾನು ಬೆಂಗಳೂರಿನಲ್ಲಿ. ಸಂಜೆ ವಿಡಿಯೋ ಕಾಲ್ ಮಾಡಿ ಕಲಿಸೋಣ ಅಂತ ಶುರು ಮಾಡಿದೆ. ನಾನು ಹೇಳಿಕೊಡುತ್ತಿದ್ದೆ, ಅವಳು ಹಿಂದೆಯೇ ಹೇಳುತ್ತಿದ್ದಳು, ಎರಡು ವಾರ ಚೆನ್ನಾಗಿ ನಡೆಯಿತು ಅಂದುಕೊಂಡೆ. ಒಂದು ದಿನ ನೆಟ್‌ವರ್ಕ್ ಕೈಕೊಟ್ಟಿತು. ನನ್ನ ದನಿ ಆ ಕಡೆ ಹೋಗುತ್ತಿಲ್ಲ, ಅವಳು ಮಾತ್ರ ನನಗೆ ಕಾಣುತ್ತಿದ್ದಾಳೆ. ಪುಸ್ತಕ ಮುಂದೆಯೇ ತೆರೆದಿದೆ. ಒಂದು ಅಕ್ಷರ ಓದದೆ, ನಾನು ಯಾವಾಗ ಹೇಳಿಕೊಡುತ್ತೇನೆ ಅಂತ ಕಾಯುತ್ತಾ ಕೂತಿದ್ದಾಳೆ.

ಅವಳು ಅಷ್ಟು ದಿನ ಪುಸ್ತಕ ಓದಿಯೇ ಇರಲಿಲ್ಲ, ನನ್ನ ದನಿ ಕೇಳಿ ಹೇಳುತ್ತಿದ್ದಳು ಅಷ್ಟೇ. ಅವತ್ತಿನಿಂದ ನಾನು ಪಾಠವನ್ನು ಅಳೆಯುವ ಲೆಕ್ಕವೇ ಬೇರೆಯಾಯಿತು. 20 ನಿಮಿಷದಲ್ಲಿ ಮಗು ತಾನೇ ಕಣ್ಣಿಟ್ಟು ಓದಿದ್ದು ಎಷ್ಟು ನಿಮಿಷ? ಇದೊಂದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ.

ಮೊದಲು ಹೊತ್ತಿನ ವಿಷಯ. ವಾರಕ್ಕೆ ಒಂದು ದಿನ ಒಂದು ಗಂಟೆ ಕೂರಿಸಬೇಡಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 20 ನಿಮಿಷ ಸಾಕು. ಹಳ್ಳಿ ಮನೆಯಲ್ಲಿ ಬಹಳ ಸಲ ಇರುವುದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಹಾಗಾಗಿ ಅವರು ಮನೆಗೆ ಬರುವ ಹೊತ್ತು, ಕರೆಂಟು ಇರುವ ಹೊತ್ತು, ಫೋನು ಚಾರ್ಜ್ ಆಗುವ ಹೊತ್ತು ಕೇಳಿಕೊಂಡು ಸಮಯ ಗೊತ್ತು ಮಾಡಿ. ಆಪ್ ಯಾವುದಾದರೂ ಆಗಬಹುದು. ಜೂಮ್‌ನ ಉಚಿತ ಕಾಲ್ 40 ನಿಮಿಷಕ್ಕೆ ಕಟ್ ಆಗುತ್ತದೆ, ಇಷ್ಟು ಚಿಕ್ಕ ಪಾಠಕ್ಕೆ ಅದರಿಂದ ತೊಂದರೆ ಇಲ್ಲ. ಮನೆಯವರಿಗೆ ವಾಟ್ಸಾಪ್ ಅಭ್ಯಾಸ ಇದ್ದರೆ ಅದರಲ್ಲೇ ಮಾಡಿ, ಹೊಸ ಆಪ್ ಕಲಿಸುವುದರಲ್ಲಿ ಒಂದು ವಾರ ಕಳೆಯುವುದು ಯಾಕೆ?

ಪಾಠ ನಡೆಯುವುದು ಹಜಾರದಲ್ಲಿರಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಬೇಡ. ನೀವು ಸ್ವಂತ ಚಿಕ್ಕಮ್ಮನೇ ಆಗಿರಿ, ಪರಿಚಯವಿಲ್ಲದ ಸ್ವಯಂಸೇವಕರೇ ಆಗಿರಿ, ಮನೆಯ ದೊಡ್ಡವರೊಬ್ಬರಿಗೆ ಪಾಠ ಕಿವಿಗೆ ಬೀಳುತ್ತಿರಬೇಕು. ಮಗು ಓದುವ ವಿಡಿಯೋವನ್ನು ಎಲ್ಲೂ ಹಾಕಬೇಡಿ, ಸ್ಟೇಟಸ್‌ನಲ್ಲೂ ಬೇಡ. ತಪ್ಪು ಮಾಡುತ್ತಾ ಕಲಿಯುವ ಮಗುವನ್ನು ಊರಿಗೆಲ್ಲ ತೋರಿಸಬಾರದು.

ಫೋನನ್ನು ಮಗುವಿನ ಕೈಗೆ ಕೊಡಬೇಡಿ. ಕೈಯಲ್ಲಿದ್ದರೆ ಅಲ್ಲಾಡುತ್ತದೆ, ಪುಸ್ತಕ ಹಿಡಿಯಲು ಕೈಯೂ ಉಳಿಯುವುದಿಲ್ಲ. ಡಬ್ಬಿಗೋ ಗೋಡೆಗೋ ಒರಗಿಸಿ, ಮಗುವಿನ ಮುಖ ಮತ್ತು ಪುಸ್ತಕದ ಮೇಲಿರುವ ಬೆರಳು ಎರಡೂ ನಿಮಗೆ ಕಾಣುವ ಹಾಗೆ ಇಡಲು ಹೇಳಿ. ಬೆರಳು ಕಾಣಲೇಬೇಕು. ಬಾಯಿ ಒಂದು ಪದ ಹೇಳುತ್ತಾ ಬೆರಳು ಇನ್ನೊಂದರ ಮೇಲಿದ್ದರೆ ಅದು ಓದಲ್ಲ, ಬಾಯಿಪಾಠ. ಓದಬೇಕಾದ ಹಾಳೆ ಆ ಕಡೆ ಕಾಗದದ ಮೇಲೇ ಇರಲಿ. ಸ್ಕ್ರೀನ್ ಶೇರ್ ಮಾಡಿದರೆ ಚಿಕ್ಕ ಫೋನಿನಲ್ಲಿ ಒತ್ತಕ್ಷರ ಚುಕ್ಕೆಯ ಹಾಗೆ ಕಾಣುತ್ತದೆ. ಅದೇ ಪುಸ್ತಕದ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಪುಟಗಳ ಫೋಟೋ ತರಿಸಿಕೊಳ್ಳಿ.

ನೀವು ಬರೆದು ತೋರಿಸಬೇಕಾದಾಗ ಸ್ಲೇಟನ್ನು ಮುಖದ ಮುಂದೆ ಹಿಡಿಯುತ್ತೀರಿ, ನಿಮ್ಮ ಪರದೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣುತ್ತದೆ. ಗಾಬರಿ ಬೇಡ, ಆ ಕಡೆ ನೇರವಾಗಿಯೇ ಕಾಣುತ್ತಿರುತ್ತದೆ. ಇನ್ನೂ ಒಳ್ಳೆಯ ದಾರಿ ಇದೆ. ಸ್ಟೂಲಿನ ಮೇಲೆ ನಾಲ್ಕು ದಪ್ಪ ಪುಸ್ತಕ ಪೇರಿಸಿ, ಕ್ಯಾಮೆರಾ ಇರುವ ತುದಿ ಹೊರಗೆ ಚಾಚುವ ಹಾಗೆ ಮೇಲೆ ಫೋನು ಮಲಗಿಸಿ, ಕೆಳಗೆ ನೋಟ್‌ಬುಕ್ ಇಟ್ಟು ಬರೆಯಿರಿ. ಆಗ ಅಕ್ಷರ ಎಲ್ಲಿ ಶುರುವಾಗಿ ಹೇಗೆ ಸುತ್ತುತ್ತದೆ ಅನ್ನುವುದನ್ನು ಮಗು ನೋಡುತ್ತಲೇ ಇರುತ್ತದೆ.

ಮೊದಲ ದಿನ ಏನೂ ಕಲಿಸಬೇಡಿ, ಮಗು ಎಲ್ಲಿದೆ ಅಂತ ನೋಡಿ. ಪ್ರಥಮ್ ಸಂಸ್ಥೆಯವರು 2005ರಿಂದ ನಡೆಸುತ್ತಿರುವ, ಮಕ್ಕಳಿಗೆ ಓದು ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆಯಲ್ಲಿ ಇದಕ್ಕೊಂದು ಸರಳ ಕ್ರಮ ಇದೆ, ಅಕ್ಷರ, ಪದ, ಚಿಕ್ಕ ಪ್ಯಾರಾ, ಕಥೆ ಅಂತ ನಾಲ್ಕು ಹಂತ. ಮೊದಲು ಪ್ಯಾರಾ ಕೊಡುತ್ತಾರೆ. ಸಲೀಸಾಗಿ ಓದಿದರೆ ಕಥೆ, ಆಗದಿದ್ದರೆ ಪದ, ಅದೂ ಆಗದಿದ್ದರೆ ಅಕ್ಷರ. ಐದು ಪದದಲ್ಲಿ ನಾಲ್ಕು ಸರಿ ಬಂದರೆ ಆ ಹಂತ ಆಯಿತು ಅಂತ ಲೆಕ್ಕ. ಐದು ನಿಮಿಷದ ಕೆಲಸ. ಶಾಲೆಯಲ್ಲಿ ಯಾವ ತರಗತಿ ಅನ್ನುವುದನ್ನು ಮರೆತು, ಮಗು ನಿಂತಿರುವ ಹಂತದಿಂದಲೇ ಶುರು ಮಾಡಿ.

ಅಕ್ಷರದ ಹಂತದಲ್ಲಿದ್ದರೆ 49 ಅಕ್ಷರವನ್ನೂ ಅ ಆ ಇ ಈ ಅಂತ ಸಾಲಾಗಿ ಮುಗಿಸಲು ಹೋಗಬೇಡಿ. ಅಷ್ಟು ಮುಗಿಯುವವರೆಗೆ ಮಗು ಓದಬಹುದಾದ ಒಂದು ಪದವೂ ಇರುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ನಮ್ಮ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಅನ್ನುವ ಕಲಿಕೆಯ ಕ್ರಮದಲ್ಲಿ ಅಕ್ಷರ ಕಲಿಸುವುದು ರ ಗ ಸ ದ ಅ ಇಂದ. ಐದೇ ಅಕ್ಷರ, ಆದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಆಮೇಲೆ ಜ ವ ಮ ಬ ನ. ಅಲ್ಲಿಗೆ ಹತ್ತು ಅಕ್ಷರ. "ಅರಸನ ಮಗ ಬಸವ" ಅಂತ ಒಂದು ಪೂರ್ತಿ ವಾಕ್ಯ ಬರೆದು ತೋರಿಸಿ ನೋಡಿ. ಗುಣಿತ ಇಲ್ಲ, ಒತ್ತು ಇಲ್ಲ, ಮಗು ತಾನೇ ಓದುತ್ತದೆ. ಅಕ್ಕನ ಮಗಳು ಇದನ್ನು ಓದಿ ಮುಗಿಸಿ, ಯಾರೂ ಹೇಳದೆ ಮತ್ತೊಂದು ಸಲ ಓದಿದಳು.

ಕಾಗುಣಿತದಲ್ಲಿ ಬಹಳ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ. ಕ ಕಾ ಕಿ ಕೀ ಅಂತ ಹಾಡಿನ ಹಾಗೆ ಒಪ್ಪಿಸುವ ಮಗುವಿಗೆ "ಕು" ಒಂದನ್ನೇ ತೋರಿಸಿದರೆ, ಕ ಇಂದ ಶುರು ಮಾಡಿ ಎಣಿಸಿಕೊಂಡು ಬರುತ್ತದೆ. ಅದಕ್ಕೇ ಒಂದು ವಾರಕ್ಕೆ ಒಂದೇ ಗುರುತು ತೆಗೆದುಕೊಂಡು, ಗೊತ್ತಿರುವ ಅಕ್ಷರಗಳಿಗೆಲ್ಲ ಅದನ್ನು ಹಾಕಿ. ಇಳಿಯ, ಅಂದರೆ "ಕಾ"ದಲ್ಲಿರುವ ಗುರುತಿನ, ವಾರವಾದರೆ ದನ ದಾನ, ವರ ವಾರ, ಸರ ಸಾರ. ಎರಡೂ ಪದ ಅಕ್ಕಪಕ್ಕ ಬರೆದು ಯಾವುದು ಯಾವುದು ಅಂತ ಕೇಳಿ.

ಗುರುತುಗಳ ಹೆಸರನ್ನೂ ಕಲಿಸಿಬಿಡಿ. ಇಳಿ (ಕಾ), ಗುಡಿಸು (ಕಿ), ಕೊಂಬು (ಕು), ಏತ್ವ (ಕೆ). ಇದೆಲ್ಲ ಹಳೇ ಕಾಲದ ಪದ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಎದುರಿಗೆ ಕೂತಿದ್ದರೆ ಬೆರಳಿಟ್ಟು ತೋರಿಸಬಹುದಿತ್ತು, ವಿಡಿಯೋದಲ್ಲಿ ನಿಮ್ಮ ಬೆರಳು ಆ ಪುಸ್ತಕದವರೆಗೆ ಹೋಗುವುದಿಲ್ಲ ಅಲ್ವಾ? "ಎರಡನೇ ಅಕ್ಷರಕ್ಕೆ ಗುಡಿಸು ಇದೆಯಾ, ನೋಡು" ಅಂದರೆ ಸಾಕು, ಮಗುವಿನ ಕಣ್ಣು ಸರಿಯಾದ ಜಾಗಕ್ಕೆ ಹೋಗುತ್ತದೆ, ಉತ್ತರವನ್ನು ನೀವು ಹೇಳಿದ ಹಾಗೂ ಆಗುವುದಿಲ್ಲ. ರ ಮತ್ತು ಠ, ದ ಧ ಥ, ವ ಮತ್ತು ಮ, ಪ ಮತ್ತು ಷ ಇವುಗಳಲ್ಲೂ ಹೀಗೆ ಮಾತಿನಲ್ಲೇ ತೋರಿಸಿ, ಹೊಟ್ಟೆಯಲ್ಲಿ ಚುಕ್ಕೆ ಇದೆಯಾ, ಕೆಳಗೆ ಸೀಳು ಇದೆಯಾ ಅಂತ.

ಒತ್ತಕ್ಷರವನ್ನು ಮನೆಯ ಪದಗಳಿಂದ ಶುರು ಮಾಡಿ. ಅಕ್ಕ, ಅಜ್ಜ, ಅಪ್ಪ, ಹಣ್ಣು. ಇಲ್ಲಿ ಒತ್ತು ಹೆಚ್ಚುಕಮ್ಮಿ ಮೇಲಿನ ಅಕ್ಷರದ ಹಾಗೆಯೇ ಇರುತ್ತದೆ. ತ ನ ಮ ಯ ರ ಲ ಈ ಆರರ ಒತ್ತು ಮಾತ್ರ ಬೇರೆ ರೂಪ, ಅದಕ್ಕೆ ಬೇರೆ ದಿನಗಳು ಇಟ್ಟುಕೊಳ್ಳಿ. ಅರ್ಕಾವತ್ತು ಕೊನೆಗೆ. "ಸೂರ್ಯ"ದಲ್ಲಿ ರ್ ಬರೆಯುವುದು ಆಮೇಲೆ, ಓದುವುದು ಮೊದಲು, ಮಗು "ಸೂಯರ" ಅಂತ ಓದಿದರೆ ಅದು ಕಣ್ಣಿಗೆ ಕಂಡದ್ದನ್ನೇ ಓದಿದೆ, ಬೈಯಬೇಡಿ.

ತಿದ್ದುವ ವಿಷಯದಲ್ಲಿ ಎರಡು ಮಾತು. ಮಗು ತಡವರಿಸಿದ ಕೂಡಲೇ ಹೇಳಿಕೊಡಬೇಡಿ. ಕಾಲ್‌ನಲ್ಲಿ ದನಿ ಬರುವುದೇ ಸ್ವಲ್ಪ ತಡ, ನೀವು ಸುಮ್ನೆ ಇದೆ ಅಂದುಕೊಂಡ ಮಗು ಆಗಲೇ ಅರ್ಧ ಪದ ಹೇಳಿರುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಒಬ್ಬರ ದನಿ ಕತ್ತರಿಸಿಹೋಗುತ್ತದೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಾನಂತೂ ಅವಳು ಓದುವಾಗ ನನ್ನ ಫೋನನ್ನು ಮ್ಯೂಟ್ ಮಾಡಿಬಿಡುತ್ತೇನೆ. ಬಾಯಿ ತಡೆಯದೆ ಹೇಳಿದರೂ ಅವಳಿಗೆ ಕೇಳುವುದಿಲ್ಲ, ಅಷ್ಟು ಹೊತ್ತಿಗೆ ಅವಳೇ ಓದಿರುತ್ತಾಳೆ. ಇದೇ ಕಾರಣಕ್ಕೆ ಇಬ್ಬರೂ ಒಟ್ಟಾಗಿ ಓದುವುದು ವಿಡಿಯೋದಲ್ಲಿ ಆಗುವುದಿಲ್ಲ, ನೀವು ಒಂದು ಸಾಲು, ಮಗು ಒಂದು ಸಾಲು ಅಂತ ಮಾಡಿ.

ಎರಡನೆಯದು, ಉಚ್ಚಾರವನ್ನೂ ಓದನ್ನೂ ಬೆರೆಸಬೇಡಿ. "ಹಾಲು" ಅಂತ ಬರೆದದ್ದನ್ನು ಮಗು "ಆಲು" ಅಂತ ಓದಿದರೆ, ಅದರ ಮನೆಯಲ್ಲಿ ಹಾಗೇ ಮಾತಾಡುತ್ತಾರೆ, ಪದ ಸರಿಯಾಗೇ ಓದಿದೆ. ಏನು ಅದು ಅಂತ ಕೇಳಿ, ಕುಡಿಯೋದು ಅಂದರೆ ಮುಂದಕ್ಕೆ ಹೋಗಿ. "ಹೋಗುತ್ತಾನೆ" ಅಂತ ಇದ್ದದ್ದನ್ನು "ಹೋಗ್ತಾನೆ" ಅಂದರೆ ಅರ್ಥ ಆಗಿದೆ ಅಂತಲೇ ಲೆಕ್ಕ. ಬೇಕಾದರೆ ಅಕ್ಷರ ಅಕ್ಷರಕ್ಕೆ ಬೆರಳಿಟ್ಟು ಇನ್ನೊಂದು ಸಲ ಓದಲು ಹೇಳಿ. ಫೋನಿನಲ್ಲಿ ತ ಥ, ಸ ಶ ಗಳ ವ್ಯತ್ಯಾಸ ನಿಮಗೇ ಸರಿಯಾಗಿ ಕೇಳುವುದಿಲ್ಲ. ಕೇಳದ ತಪ್ಪನ್ನು ತಿದ್ದಲು ಹೋಗಿ ಮಗುವಿನ ಧೈರ್ಯ ಕಳೆಯಬೇಡಿ.

ಹೊರದೇಶದ ಮಕ್ಕಳಿಗೆ ಕಲಿಸುವುದಾದರೆ ಕಷ್ಟ ಬೇರೆ ಥರ. ನ್ಯೂಜೆರ್ಸಿಯಲ್ಲಿರುವ ಗೆಳತಿಯ ಮಗನಿಗೆ ಅಕ್ಷರ ಬೇಗ ಬಂತು, ಆದರೆ "ಲೋಟ" ಅಂತ ಓದಿ, ಹಾಗಂದರೆ ಏನು ಅಂತ ಕೇಳಿದ. ಅಂಥ ಮಗುವಿಗೆ ಮೊದಲ ಐದು ನಿಮಿಷ ಬರೀ ಮಾತು. ಅಡುಗೆಮನೆಗೆ ಓಡಿ ಲೋಟ, ತಟ್ಟೆ, ಚಮಚ ತಂದು ತೋರಿಸಲಿ, ಅವತ್ತು ಓದುವುದು ಅದೇ ಪದಗಳನ್ನು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಡುವುದನ್ನು ನಿಲ್ಲಿಸಿ. ಅದು ಇರುವವರೆಗೆ ಕಣ್ಣು ಕನ್ನಡದ ಕಡೆ ತಿರುಗುವುದೇ ಇಲ್ಲ, ಲ ಳ, ನ ಣ, ತ ಟ ಎಲ್ಲ ಅದರಲ್ಲಿ ಒಂದೇ ಆಗಿಬಿಡುತ್ತವೆ. ಇನ್ನು ಸಮಯ. ಅಲ್ಲಿ ಶನಿವಾರ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅವರು ಗಡಿಯಾರ ಬದಲಿಸಿದಾಗ ನೆನಪಿಡಿ.

ಪದ ಸಲೀಸಾದ ಮೇಲೆ ಪಠ್ಯಪುಸ್ತಕದಲ್ಲೇ ಉಳಿಯಬೇಡಿ, ಕಥೆಗೆ ಹೋಗಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, 1ರಿಂದ 4ರವರೆಗೆ ಮಟ್ಟ ಹಾಕಿದ್ದಾರೆ. 1ನೇ ಮಟ್ಟದಲ್ಲಿ ಪುಟಕ್ಕೆ ಕೆಲವೇ ಪದ. ಊರಿನ ಜೆರಾಕ್ಸ್ ಅಂಗಡಿಗೆ ಕಳಿಸಿ ಪ್ರಿಂಟ್ ತೆಗೆಸಿ ಕೊಡಿ, ಕಪ್ಪುಬಿಳುಪು ಆದರೂ ಪರವಾಗಿಲ್ಲ. ಆ ಹಾಳೆ ಮಗುವಿನದೇ ಆಗಿರಲಿ, ಬಣ್ಣ ಹಚ್ಚಿಕೊಳ್ಳಲಿ.

ಈ ಹಂತದಲ್ಲಿ ನಿಮ್ಮ ಪ್ರತಿಯನ್ನು ಮುಚ್ಚಿಡಿ. ಸಾಧ್ಯವಾದರೆ ನೀವು ಓದಿಯೇ ಇರದ ಕಥೆ ಆಗಿರಲಿ, ಆರಿಸಿ ಕೊಡುವ ಕೆಲಸ ಬೇರೆಯವರಿಗೆ ಹೇಳಿ. ಏನಿದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಮಗು ನಿಮ್ಮ ಮುಖ ನೋಡಿ ಊಹಿಸುವ ಹಾಗಿಲ್ಲ, ನಿಮ್ಮ ಪ್ರಶ್ನೆಯೂ ಪರೀಕ್ಷೆಯ ಪ್ರಶ್ನೆ ಆಗಿರುವುದಿಲ್ಲ, ನಿಜವಾಗಿ ತಿಳಿಯಬೇಕಾಗಿ ಕೇಳಿದ್ದಾಗಿರುತ್ತದೆ. ಐದನೇ ತಿಂಗಳಲ್ಲಿ ಅಕ್ಕನ ಮಗಳು ಹೀಗೆ ನನಗೊಂದು ಕಥೆ ಓದಿದಳು, ದಾರಿ ತಪ್ಪಿದ ಮೇಕೆಮರಿಯದು. ಮರಿ ಹಳ್ಳ ದಾಟುವ ಹತ್ತಿರ ನಿಲ್ಲಿಸಿದಳು. ಆಮೇಲೆ ಏನಾಯ್ತು ಅಂದೆ. "ಇರು ಚಿಕ್ಕಮ್ಮ, ಇನ್ನೂ ಪುಟ ತಿರುಗಿಸಿಲ್ಲ" ಅಂದಳು.