ಎರರ್ 28 ರ್‍ಯಾಮ್ ಹಾಕಿದರೂ ಹೋಗಲಿಲ್ಲ, ಒಂದು ಪದ ತೆಗೆದರೆ ಹೋಯಿತು

ಗಂಗಾವತಿಯ ನನ್ನ ಅಂಗಡಿಗೆ ಒಂದು ತರಬೇತಿ ಕೇಂದ್ರದ ಹನ್ನೊಂದು ಹಳೆಯ ಪಿಸಿ ಬಂದವು. ಎಲ್ಲಕ್ಕೂ 2 ಜಿಬಿ ರ್‍ಯಾಮ್. ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಬೇಕಿತ್ತು. ನನ್ನ ಪೆನ್‌ಡ್ರೈವ್‌ನ ಗ್ರಬ್‌ಫಾರ್‌ಡಾಸ್ ಮೆನುವಿನಲ್ಲಿ (ಪಿಸಿ ಯಾವುದರಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿ) ಮಿಂಟ್ ಒತ್ತಿದರೆ ಎರರ್ 28: ಆರಿಸಿದ್ದು ಮೆಮೊರಿಯಲ್ಲಿ ಹಿಡಿಸುವುದಿಲ್ಲ. ಮಿಂಟ್‌ನ ಐಎಸ್‌ಒ, ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲಾಗಿ ಮಾಡಿದ್ದು, 3 ಜಿಬಿಗೆ ಸ್ವಲ್ಪ ಕಡಿಮೆ. ಆ ಫೈಲನ್ನು ಡಿಸ್ಕಿನಂತೆ ತೋರಿಸುವ ನನ್ನ ಮ್ಯಾಪ್ ಸಾಲಿನಲ್ಲಿ ‘ಮೆಮ್’ ಇತ್ತು, ಅಂದರೆ ಇಡೀ ಫೈಲು ರ್‍ಯಾಮಿಗೆ.

ಪಕ್ಕದ ಅಂಗಡಿಯ ಅಣ್ಣ, "ರ್‍ಯಾಮ್ ಹಾಕಿಬಿಡಪ್ಪ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀಯ" ಅಂದರು. ಸೆಕೆಂಡ್ ಹ್ಯಾಂಡ್ 2 ಜಿಬಿ ಸ್ಟಿಕ್ ನಾಲ್ಕು ತಂದೆ. ಸುಮಾರು 2,400 ರೂಪಾಯಿ ಹೋಯಿತು. 4 ಜಿಬಿ ಆದ ಮೇಲೂ ಅದೇ ಎರರ್. ಅಷ್ಟು ದೊಡ್ಡ ಜಾಗ ಒಂದೇ ತುಂಡಾಗಿ ಸಿಗಬೇಕಲ್ವಾ, ಅದು ಸಿಗಲಿಲ್ಲ. ಬಯಾಸ್‌ನಲ್ಲಿ (ಪಿಸಿಯನ್ನು ಶುರು ಮಾಡುವ ಮೂಲ ಪ್ರೋಗ್ರಾಂ) ಗ್ರಾಫಿಕ್ಸ್‌ಗೆ ಹಂಚಿದ ಮೆಮೊರಿ ಇಳಿಸಿ ನೋಡಿದೆ. 700 ಎಂಬಿಯ ರಿಪೇರಿ ಐಎಸ್‌ಒ ಬೇಗ ಎದ್ದಿತು, ಮಿಂಟ್ ಏಳಲಿಲ್ಲ. ಇಂಥದ್ದೇ ಕೆಲಸ ಮಾಡುವ ವೆಂಟಾಯ್ ಹಾಕು ಎಂದವರೂ ಇದ್ದರು. ಎಂಟು ವರ್ಷದಿಂದ ಕಟ್ಟಿದ ಮೆನು ಬಿಡಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ‘ಮೆಮ್’ ತೆಗೆದೆ, ಅಂದರೆ ಫೈಲು ಪೆನ್‌ಡ್ರೈವ್‌ನಿಂದಲೇ ನೇರ ಮ್ಯಾಪ್. ಈಗ ಎರರ್ 60. ಹಾಗೆ ಮಾಡಲು ಫೈಲು ಪೆನ್‌ಡ್ರೈವ್‌ನಲ್ಲಿ ಒಂದೇ ತುಂಡಾಗಿರಬೇಕು, ನನ್ನದು ಚೂರುಚೂರಾಗಿತ್ತು. ಚೂರುಗಳನ್ನು ಜೋಡಿಸುವ ವಿನ್‌ಕಾಂಟಿಗ್ ಓಡಿಸಿದೆ, ಆದರೆ ಖಾಲಿ ಜಾಗವೇ ಒಟ್ಟಿಗಿರಲಿಲ್ಲ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ದೊಡ್ಡ ಐಎಸ್‌ಒ ಮೊದಲು, ಸಣ್ಣವು ಆಮೇಲೆ ಕಾಪಿ ಮಾಡಿದೆ. ಎರರ್ 60 ಹೋಯಿತು.

ಲಿನಕ್ಸ್‌ನ ತಿರುಳಾದ ಕರ್ನಲ್ ಓಡಿತು. ಆದರೆ ಅರ್ಧ ದಾರಿಯಲ್ಲಿ ತನ್ನ ಫೈಲ್‌ಸಿಸ್ಟಮ್ ಸಿಗದೆ ನಿಂತಿತು. ಇಲ್ಲೇ ಎರಡು ರಾತ್ರಿ ಹೋದವು. ಬಯಾಸ್ ಮೂಲಕ ತೋರಿಸಿದ ಡಿಸ್ಕು ಲಿನಕ್ಸ್‌ಗೆ ಕಾಣುವುದಿಲ್ಲ, ಅದು ನೇರ ಯುಎಸ್‌ಬಿ ನೋಡುತ್ತದೆ. ಕರ್ನಲ್ ಸಾಲಿಗೆ ‘ಐಎಸ್‌ಒ-ಸ್ಕ್ಯಾನ್’ ಸೇರಿಸಿ ಫೈಲಿನ ದಾರಿ ಕೊಟ್ಟೆ. ಡೆಸ್ಕ್‌ಟಾಪ್ ಬಂತು, 2 ಜಿಬಿಯಲ್ಲೇ! ಆ ಅಣ್ಣನನ್ನು ಕರೆದು ತೋರಿಸಿದೆ.

ಹನ್ನೊಂದೂ ಎರಡು ದಿನದಲ್ಲಿ ಮುಗಿದವು. ಒಂದಕ್ಕೆ 350 ರೂಪಾಯಿ ತಗೊಂಡೆ. ಎರಡು ಸ್ಟಿಕ್ ವಾಪಸ್ ಹೋದವು, ಇನ್ನೆರಡು ನನ್ನ ಬೆಂಚ್ ಪಿಸಿಯಲ್ಲಿವೆ. ಸಣ್ಣ ಐಎಸ್‌ಒಗೆ ‘ಮೆಮ್’, ದೊಡ್ಡದಕ್ಕೆ ನೇರ ಮ್ಯಾಪ್ ಅಂತ ಮೆನು ತಾನೇ ಆರಿಸುವ ಹಾಗೆ ಮಾಡಿಕೊಂಡಿದ್ದೇನೆ. ಆ ಸಾಲುಗಳನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಅದು ನನ್ನ ದುಡಿಮೆ. ಹೊಸ ಮಿಂಟ್ ಬಂದಾಗ ಹಳೆಯದನ್ನು ಅಳಿಸಿ ಅದೇ ಜಾಗಕ್ಕೆ ತುರುಕಬೇಡಿ, ಫೈಲು ಚೂರಾಗಿ ಎರರ್ 60 ಮತ್ತೆ ಬರಬಹುದು.