ಊರಿಗೆ ಬಂದು ದುಡ್ಡು ಉಳಿಸಿದ್ದು: ಎರಡು ವರ್ಷದ ಲೆಕ್ಕ

ಬೆಂಗಳೂರು ಬಿಟ್ಟು ಹಳ್ಳಿಗೆ ಹೊರಟಾಗ "ಆರು ತಿಂಗಳಿಗೆ ಗಂಟುಮೂಟೆ ಕಟ್ಕೊಂಡು ವಾಪಸ್ ಬರ್ತೀರಿ" ಅಂದವರಿಗೆ ಈ ಲೆಕ್ಕ. ಬೆಂಗಳೂರಿನಲ್ಲಿ ನಾಲ್ಕು ಜನಕ್ಕೆ ತಿಂಗಳಿಗೆ ಹೆಚ್ಚುಕಮ್ಮಿ 52,000 ಹೋಗುತ್ತಿತ್ತು. ತಿಪಟೂರಿನಿಂದ 11 ಕಿಲೋಮೀಟರ್ ದೂರದ ಹಳ್ಳಿಗೆ ಬಂದ ಮೊದಲ ವರ್ಷ 44,000. ಎರಡನೇ ವರ್ಷ 28,000. ಮನೆ ಬಾಡಿಗೆ ಎರಡೂ ವರ್ಷ 5,000ವೇ. ಹಾಗಾಗಿ ಆಮೇಲೆ ಇಳಿದ 16,000ಕ್ಕೂ ಬಾಡಿಗೆಗೂ ಸಂಬಂಧವಿಲ್ಲ.

ಮೊದಲ ವರ್ಷ ದುಡ್ಡು ತಿಂದದ್ದು ಓಡಾಟ. ಪೇಟೆಗೆ ಹೋಗಿಬರಲು 22 ಕಿಲೋಮೀಟರ್, ಕಾರಿಗೆ ಒಂದೂವರೆ ಲೀಟರ್, 150 ರೂಪಾಯಿ. ಹೋದಮೇಲೆ ಬೇಕರಿ, ಹೋಟೆಲು ಅಂತ ಇನ್ನು 200. ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆದರೆ ತಿಂಗಳಿಗೆ 25 ಸಲ ಆಗುತ್ತದೆ, ಒಂಬತ್ತು ಸಾವಿರದ ಹತ್ತಿರ. ಬೆಂಗಳೂರಿಗೆ ಎರಡು ಸಲ ಕಾರಿನಲ್ಲಿ ಹೋಗಿಬಂದರೆ ಟೋಲ್ ಸೇರಿ 4,600. ಈಗ ವಾರಕ್ಕೊಂದು ಸಂತೆ, ಅದೂ ಸ್ಕೂಟರಿನಲ್ಲಿ, ಸಂಜೆ ಐದರ ಮೇಲೆ, ರೇಟು ಇಳಿದಾಗ. ಬೆಂಗಳೂರಿಗೆ ರೈಲು.

ಆದರೆ ಮನೆಯಲ್ಲಿ ದಾಸ್ತಾನಿಲ್ಲದೆ ಓಡಾಟ ನಿಲ್ಲುವುದಿಲ್ಲ. ಹಳ್ಳಿ ಅಂಗಡಿಯಲ್ಲಿ ಪ್ಯಾಕೆಟ್ ಸಾಮಾನಿಗೆ ಒಂದು ರೂಪಾಯಿಯೂ ಬಿಡುವುದಿಲ್ಲ. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಕಣದಿಂದಲೇ ಎತ್ತಬೇಕು: ರಾಗಿ 2 ಕ್ವಿಂಟಾಲ್, ಅಕ್ಕಿ 3, ಇಡಿ ತೊಗರಿ 50 ಕೆಜಿ (ಬೇಳೆ ಮಾಡಿದರೆ 35 ಸಿಗುತ್ತದೆ), ಅವರೆ, ಹುರುಳಿ, ಅಲಸಂದೆ, ಶಿವರಾತ್ರಿ ಹೊತ್ತಿಗೆ ಹುಣಸೆಹಣ್ಣು, ಮೆಣಸಿನಕಾಯಿ. ಎಲ್ಲ ಸೇರಿ 35,000 ಒಂದೇ ಸಲಕ್ಕೆ ಬೇಕು. ಬೆಂಗಳೂರಿನ ಮನೆಯ ಹತ್ತು ತಿಂಗಳ ಅಡ್ವಾನ್ಸು, ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಂಡು ವಾಪಸ್ ಬಂತಲ್ಲ, ಅದರಲ್ಲೇ ಇದಾಯಿತು.

ಮೊದಲ ಸಲ ತಂದ ರಾಗಿಯಲ್ಲಿ ಅರ್ಧ ಮುಗ್ಗಲು ಹಿಡಿಯಿತು. ಈಗ ರಾಗಿ ಮೆಷಿನ್ನಲ್ಲಿ ಕಟಾವಾಗುತ್ತದೆ, ಹಿಂದಿನಂತೆ ಮೆದೆಯಲ್ಲಿ ಒಣಗಿ ಕಣಕ್ಕೆ ಬರುವುದಿಲ್ಲ, ಒಳಗೆ ತೇವ ಇರುತ್ತದೆ. ಅದನ್ನು ಹಾಗೇ ಡ್ರಮ್ಮಿಗೆ ತುಂಬಿದರೆ ಬೆವರುತ್ತದೆ. ಮೂರು ಬಿಸಿಲು ಕೊಟ್ಟು, ಹಲ್ಲಿನಲ್ಲಿ ಕಡಿದಾಗ ಚಟ್ ಅನ್ನಬೇಕು. ಒಂದು ರಾತ್ರಿ ಆರಿಸಿ ಆಮೇಲೆ ತುಂಬಿ, ಬಿಸಿಯಿದ್ದಾಗ ಬೇಡ. ಟಾರು ರಸ್ತೆಯಲ್ಲಿ ಒಕ್ಕಿದ ಮಾಲನ್ನು ಎರಡು ರೂಪಾಯಿ ಕಮ್ಮಿಗೆ ಕೊಟ್ಟರೂ ತರಬೇಡಿ. ಮುದ್ದೆಯಲ್ಲಿ ಮರಳು ಸಿಕ್ಕರೆ ಮನೆಯಲ್ಲಿ ಮರ್ಯಾದೆ ಉಳಿಯಲ್ಲ.

ಬೇಳೆಕಾಳಿನದು ಬೇರೆ ಕಥೆ. ಡ್ರಮ್ಮಿನ ಮುಚ್ಚಳ ಎಷ್ಟೇ ಬಿಗಿ ಮಾಡಿದರೂ ಹುಳ ಬಂತು, ಯಾಕೆಂದರೆ ಮೊಟ್ಟೆ ಹೊಲದಲ್ಲೇ ಕಾಯಿ ಮೇಲೆ ಬಿದ್ದಿರುತ್ತದೆ. ಕಪ್ಪು ಟಾರ್ಪಾಲಿನ ಮೇಲೆ ಕಾಳು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲಿಟ್ಟು ಮಧ್ಯಾಹ್ನದ ಬಿಸಿಲಿಗೆ ಬಿಡಬೇಕು. ಕೈ ಸುಡುವಷ್ಟು ಕಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಬಿತ್ತನೆಗೆ ಇಡುವ ಕಾಳಿಗೆ ಇದು ಬೇಡ. ಆರಿದ ಮೇಲೆ ಕೆಜಿಗೆ ಒಂದು ಚಮಚ, 5 ಎಂಎಲ್ ಅನ್ನಿ, ಹರಳೆಣ್ಣೆ ಸವರುವುದು. ತೊಗರಿಗೆ ಕೆಮ್ಮಣ್ಣು ಕಟ್ಟಿದರೂ ನಡೆಯುತ್ತದೆ. ಅವರೆಗೆ ಮಾತ್ರ ಎಣ್ಣೆಯ ಜೊತೆ ಇನ್ನೊಂದು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಹದಿನಾಲ್ಕು ತಿಂಗಳಾಯಿತು, ಒಂದು ಕಾಳೂ ತೂತು ಬಿದ್ದಿಲ್ಲ.

ಗಾಣದ ಎಣ್ಣೆಯಲ್ಲಿ ದುಡ್ಡು ಉಳಿಯಿತು ಅನ್ನುವವರನ್ನು ನಂಬಬೇಡಿ. ಹತ್ತು ಕೆಜಿ ಕಡ್ಲೆಬೀಜ, ಸಾವಿರ ರೂಪಾಯಿ. ಎಣ್ಣೆ ಬರುವುದು ನಾಲ್ಕು ಕೆಜಿ, ಮೇಲೆ ಗಾಣದ ಕೂಲಿ. ಹಿಂಡಿ ಮಾರಿದರೂ ಪ್ಯಾಕೆಟ್ ಎಣ್ಣೆಗಿಂತ ದುಬಾರಿಯೇ. ರುಚಿಗೆ ಮಾಡಿಸುತ್ತೇವೆ, ಅಷ್ಟೇ.

ಗೋಬರ್ ಗ್ಯಾಸ್ ಕೂಡ ಮುಳುಗಿತು. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಗುಂಡಿಗೆ ದಿನಾ 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಒಂದು ಹಸುವಿನಿಂದ ಸಿಕ್ಕಿದ್ದು ಹನ್ನೊಂದೋ ಹನ್ನೆರಡೋ ಕೆಜಿ. ಅದರ ಮೇಲೆ ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಸೇರಿ ಹುದುಗೇ ಸತ್ತುಹೋಯಿತು. ಸ್ನಾನದ ಹಂಡೆಗೆ ಮಾತ್ರ ತೆಂಗಿನ ಮಟ್ಟೆ, ಕುರಂಬಳೆ (ಒಣಗಿದ ಹೊಂಬಾಳೆ) ಪುಕ್ಕಟೆ. ಗೀಜರ್ ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಲೆಕ್ಕಕ್ಕೆ ಬರೆದುಕೊಳ್ಳದೆ ಬಂದರೆ ಹೊಡೆತ ಕೊಡುವುದು ಮುಯ್ಯಿ. ಮದುವೆ, ಗೃಹಪ್ರವೇಶ, ತಿಥಿ, ಬೀಗರೂಟ, ಜಾತ್ರೆ ಅಂತ ಎರಡನೇ ವರ್ಷ ಹದಿನೆಂಟು ಸಾವಿರವಾಯಿತು. ಬೆಂಗಳೂರಿನಲ್ಲಿ ತಪ್ಪಿಸಿಕೊಳ್ಳಬಹುದಿತ್ತು. ಇಲ್ಲಿ ಪೆಂಡಾಲು ಮನೆ ಮುಂದೆಯೇ ಹಾಕಿರುತ್ತಾರೆ.