ಬೊಗೊಟಾದಲ್ಲಿ ದತ್ತು ಪ್ರಯಾಣ: ಬಾಡಿಗೆ ಮನೆ, ಒಂದು ಕುಕ್ಕರ್, 33 ದಿನ

ಕೊಲಂಬಿಯಾದಿಂದ ದತ್ತು ಮಕ್ಕಳನ್ನು ಕರೆತರಲು ಹೊರಡುವ ಅಮೆರಿಕದ ಕನ್ನಡಿಗರಿಗೆ ಸಿಗುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ: ಹೋಟೆಲಿನಲ್ಲಿರಿ, ದಿನವಿಡೀ ದುಭಾಷಿ ಇಟ್ಟುಕೊಳ್ಳಿ, ಊಟ ಹೊರಗೇ ಮಾಡಿ. ನಾವು ಮಾಡಿದ್ದು ಇದಕ್ಕೆ ಪೂರಾ ಉಲ್ಟಾ. ಮೊದಲ ನಾಲ್ಕು ರಾತ್ರಿ ಹೋಟೆಲ್, ಆಮೇಲೆ ರಾಜಧಾನಿ ಬೊಗೊಟಾದ ಉತ್ತರ ಭಾಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ದುಭಾಷಿ ಕೋರ್ಟು, ನೋಟರಿ ಕೆಲಸಕ್ಕೆ ಮಾತ್ರ. ಸ್ಪ್ಯಾನಿಷ್ ಬರದೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಬೇಳೆ ಬೇಯಿಸುತ್ತೀರಾ ಅಂತ ನಕ್ಕವರು ಬಹಳ. ಬೆಂದಿತು. ಐಸಿಬಿಎಫ್ (ಅಲ್ಲಿನ ಸರ್ಕಾರದ ಮಕ್ಕಳ ಕಲ್ಯಾಣ ಸಂಸ್ಥೆ), ಐ-800 (ಅಮೆರಿಕದ ದತ್ತು ಅರ್ಜಿ), ಎನ್‌ಕ್ವೆಂತ್ರೊ (ಮಗುವಿನ ಮೊದಲ ಭೇಟಿ) ಇವೆಲ್ಲ ನಿಮಗೆ ಗೊತ್ತಿರುವುದೇ, ಅದಕ್ಕೆ ಕೈ ಹಾಕುವುದಿಲ್ಲ.

ತಾರೀಖಿನ ವಿಷಯ ಮೊದಲು. ಡಿಸೆಂಬರ್ 20ರಿಂದ ಜನವರಿ 10ರವರೆಗೆ ಕೋರ್ಟುಗಳಿಗೆ ರಜೆ, ಈಸ್ಟರ್‌ಗೆ ಮುಂಚಿನ ವಾರವೂ ಬಾಗಿಲು ಹಾಕಿರುತ್ತದೆ. ಅದರ ಮೇಲೆ ವರ್ಷಕ್ಕೆ 18 ಸರ್ಕಾರಿ ರಜೆ, ಹೆಚ್ಚಿನವನ್ನು ಸೋಮವಾರಕ್ಕೆ ತಳ್ಳಿರುತ್ತಾರೆ. 2024ರ ಮೇ-ಜೂನಿನಲ್ಲಿ ಹೋದ ನಮಗೆ ಮೂರು ಸೋಮವಾರ ಹಾಗೇ ಹೋದವು. ಒಂದು ದಿನ ಹೆಚ್ಚಾದರೆ ನಾಲ್ವರ ಖರ್ಚು ಹೆಚ್ಚು, ಹಾಗಾಗಿ ಟಿಕೆಟ್ ತೆಗೆಯುವ ಮೊದಲೇ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಪ್ರವೇಶಕ್ಕೆ ಮುಂಚೆ ತುಂಬುವ ಚೆಕ್-ಮಿಗ್ ಅರ್ಜಿಗೆ ಶುಲ್ಕವಿಲ್ಲ. ದುಡ್ಡು ಕೇಳುವ ಪುಟ ಸಿಕ್ಕರೆ ಅದು ಸರ್ಕಾರದ್ದಲ್ಲ.

ಹೋಟೆಲಿನಲ್ಲಿ ಪಾಸ್‌ಪೋರ್ಟಿನ ಪ್ರವೇಶ ಮುದ್ರೆ ತೋರಿಸಿ. ಅಲ್ಲಿ ನೆಲೆಸದ ವಿದೇಶಿಯರಿಗೆ ಕೋಣೆ ಬಾಡಿಗೆಯ ಮೇಲಿನ 19% ಐವಾ ತೆರಿಗೆ ಇಲ್ಲ. ನಾವು ಕೇಳದೆ ಇದ್ದದ್ದಕ್ಕೆ ಮೊದಲ ಬಿಲ್ಲಿಗೆ ಅದು ಸೇರಿಯೇ ಬಂತು. ತೆಗೆಸಲು ಅರ್ಧ ದಿನ ಹಿಡಿಯಿತು.

ದುಡ್ಡಿನ ಚಿಹ್ನೆಯೇ ಮೊದಲ ಗುಂಡಿ. ಪೆಸೊಗೂ ಡಾಲರ್ ಚಿಹ್ನೆಯನ್ನೇ ಬರೆಯುತ್ತಾರೆ, ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕಿ. ಬೋರ್ಡಿನಲ್ಲಿ 25.000 ಅಂತಿದ್ದರೆ ಇಪ್ಪತ್ತೈದು ಸಾವಿರ ಪೆಸೊ, ಆಗಿನ ಲೆಕ್ಕದಲ್ಲಿ ಆರು ಡಾಲರ್ ಚಿಲ್ಲರೆ. ಬಾಯಲ್ಲಿ ಹೇಳುವಾಗ ಸಾವಿರವನ್ನೂ ನುಂಗಿ ಬರೀ 'ವೆಯಿಂತಿಸಿಂಕೊ' ಅನ್ನುತ್ತಾರೆ. ಕಾರ್ಡ್ ಕೊಟ್ಟರೆ ಗಲ್ಲಾದಲ್ಲಿ 'ಎಷ್ಟು ಕ್ವೋತಾಸ್?' ಅನ್ನುತ್ತಾರೆ, ಅಂದರೆ ಎಷ್ಟು ಕಂತು. 'ಉನಾ' (ಒಂದು) ಅನ್ನಿ, ಮುಗಿಯಿತು. ಗುರುತಿನ ಸಂಖ್ಯೆಯನ್ನು ತರಕಾರಿಗೂ ಕೇಳುತ್ತಾರೆ, ಪಾಸ್‌ಪೋರ್ಟ್ ಸಂಖ್ಯೆ ಸ್ಪ್ಯಾನಿಷಿನಲ್ಲಿ ಬಾಯಿಪಾಠ ಇರಲಿ. ಎಟಿಎಂ ಡಾಲರಿಗೆ ಪರಿವರ್ತಿಸಲೇ ಅಂತ ಕೇಳಿದರೆ ಬೇಡ ಒತ್ತಿ. ಒಪ್ಪಿದ ಒಂದೇ ಸಲ ನನಗೆ ಹತ್ತಿರ ಹತ್ತಿರ ಇಪ್ಪತ್ತು ಡಾಲರ್ ಬೋಳಿಸಿತು.

ವಿಳಾಸ ಒಮ್ಮೆ ತಲೆಗೆ ಹತ್ತಿದರೆ ಬೆಂಗಳೂರಿನ ಕ್ರಾಸು-ಮೇನುಗಳಿಗಿಂತ ಸಲೀಸು. ಪೂರ್ವಕ್ಕೆ ಬೆಟ್ಟದ ಸಾಲು. ಬೆಟ್ಟಕ್ಕೆ ಸಮಾನಾಂತರವಾಗಿ ಓಡುವುದು ಕರೇರಾ, ಪಶ್ಚಿಮಕ್ಕೆ ಹೋದಂತೆ ಸಂಖ್ಯೆ ಏರುತ್ತದೆ. ಅಡ್ಡ ಬರುವುದು ಕಾಯೆ, ಉತ್ತರಕ್ಕೆ ಏರುತ್ತದೆ. 'ಕಾಯೆ 106, 15-40' ಅಂದರೆ 106ನೇ ಕಾಯೆಯಲ್ಲಿ, 15ನೇ ಕರೇರಾದ ಮೂಲೆಯಿಂದ ಸುಮಾರು 40 ಮೀಟರ್. ಕೊನೆಯಲ್ಲಿ 'ಸುರ್' (ದಕ್ಷಿಣ) ಇದೆಯೋ ಇಲ್ಲವೋ ನೋಡಿಕೊಳ್ಳಿ. ಅದೊಂದು ಪದ ಬಿಟ್ಟಿದ್ದಕ್ಕೆ ಟ್ಯಾಕ್ಸಿ ಊರಿನ ಇನ್ನೊಂದು ತುದಿಗೆ ಹೋಗಿ ನಿಂತಿತು, ನಲವತ್ತು ಸಾವಿರ ಪೆಸೊ ನೀರುಪಾಲು. ಟ್ಯಾಕ್ಸಿಗೆ ಬೀದಿಯಲ್ಲಿ ಕೈ ಅಡ್ಡ ಹಾಕಬೇಡಿ, ಆ್ಯಪಿನಲ್ಲೇ ಕರೆಯಿರಿ.

ಮನೆ ಆರಿಸುವಾಗ ನನ್ನ ಅಳತೆ ಇಷ್ಟೇ: ಉದ್ಯಾನ, ದಿನಸಿ, ಔಷಧದಂಗಡಿ ಮೂರೂ 500 ಮೀಟರ್ ಒಳಗಿರಬೇಕು, ಗ್ಯಾಸಿನ ನೀರು ಕಾಯಿಸುವ ಯಂತ್ರ ಹಚ್ಚಿ ತೋರಿಸಬೇಕು. ಎರಡು ನಲ್ಲಿ ಒಟ್ಟಿಗೆ ಬಿಟ್ಟರೆ ಒತ್ತಡ ಸಾಲದೆ ಅದು ಆರುತ್ತದೆ. ಹೊರಗೆ ರಾತ್ರಿ 8-9 ಡಿಗ್ರಿ, ಮನೆಯೊಳಗೆ ಹೀಟರ್ ಇರುವುದಿಲ್ಲ, ಸೋಪು ಹಚ್ಚಿಕೊಂಡ ಮಗು ನಡುಗುತ್ತದೆ. ಆ ವರ್ಷ ಏಪ್ರಿಲ್‌ನಿಂದ ನೀರಿಗೆ ಸರದಿಯೂ ಇತ್ತು, ಒಂದೊಂದು ವಲಯಕ್ಕೆ 24 ಗಂಟೆ ನಲ್ಲಿ ಬಂದ್. ಹೋಟೆಲಿನವರು ಗೊಣಗಿದರು. ಬಕೆಟ್-ಚೊಂಬಿನವರಿಗೆ ಅದೇನು ಮಹಾ! ಬಾಡಿಗೆ ಹೇಳಿದ್ದು 60 ಲಕ್ಷ ಪೆಸೊ, ಕೊಟ್ಟದ್ದು 48 ಲಕ್ಷ. ಇಳಿಸಲು ಹೇಳಿದ ಒಂದು ಮಾತಿದೆ, ಅದು ನನ್ನ ಬಳಿಯೇ ಇರಲಿ.

ಈಗ ಅಡುಗೆಮನೆ. ಬೊಗೊಟಾ ಇರುವುದು 2,640 ಮೀಟರ್ ಎತ್ತರದಲ್ಲಿ, ನೀರು 91-92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿಟ್ಟ ಕಡಲೆಕಾಳು ಎರಡೂವರೆ ಗಂಟೆಯಾದರೂ ಹಲ್ಲಿಗೆ ಗಟ್ಟಿ. ಊರಿಂದ ಮೂರು ಲೀಟರ್ ಕುಕ್ಕರ್ ಒಯ್ಯಿರಿ, ಗ್ಯಾಸ್ಕೆಟ್ ಎರಡಿರಲಿ. ಒಳಗಿನ ಒತ್ತಡವೂ ಅಲ್ಲಿ ಕಡಿಮೆಯೇ, ಹಾಗಾಗಿ ಮೂರು ಸೀಟಿಯ ಅನ್ನಕ್ಕೆ ನಾಲ್ಕು, ಬೇಳೆಗೆ ಆರು. ಸ್ಥಳೀಯ 'ಓಯಾ ಪಿತದೋರಾ' ಕೊಂಡರೆ ಅದು ಸೀಟಿ ಹೊಡೆದು ನಿಲ್ಲುವುದಿಲ್ಲ, ಒಂದೇ ಸಮ ಬುಸುಗುಡುತ್ತದೆ. ಸೀಟಿ ಎಣಿಸುತ್ತ ಕೂತು ನಾನು ಮೊದಲ ದಿನ ಬೇಳೆ ತಳ ಹಿಡಿಸಿದೆ. ಶಬ್ದ ಶುರುವಾದ ಮೇಲೆ ಗಡಿಯಾರ ನೋಡಿ: ಲೆಂತೆಹಾಸ್‌ಗೆ (ಅಲ್ಲಿನ ಮಸೂರ ಕಾಳು) 12 ನಿಮಿಷ, ಕಡಲೆಗೆ ನೆನೆಸಿದ್ದರೂ 35.

ತೊಗರಿಬೇಳೆ ನಮ್ಮ ಸುತ್ತಿನ ಅಂಗಡಿಗಳಲ್ಲಿ ಸಿಗಲಿಲ್ಲ, ಎರಡು ಕಿಲೋ ಒಯ್ದದ್ದು ಸಾಕಾಯಿತು. ಹಸಿ ಕರಿಬೇವು ಬೇಡ, ಒಣಗಿಸಿದ್ದು ಸೀಲ್ ಮಾಡಿದ ಪೊಟ್ಟಣದಲ್ಲಿರಲಿ. ಬೆಲ್ಲದ ಚಿಂತೆಯೇ ಇಲ್ಲ, ಪನೇಲಾ ಅಂದರೆ ಅಪ್ಪಟ ಬೆಲ್ಲದ ಅಚ್ಚು. 'ಮಾಂಸ ಬೇಡ' ಅಂದರೆ ಹೋಟೆಲಿನಲ್ಲಿ ಕೋಳಿ ಬರುತ್ತದೆ, ಹುರುಳಿಕಾಯಿಯ ಬೀಜದಂಥ ಕೆಂಪು ಕಾಳಿನಲ್ಲಿ ಹಂದಿ ಅಡಗಿರುತ್ತದೆ. 'ನಿ ಪೋಯೊ, ನಿ ಪೆಸ್ಕಾದೊ, ನಿ ಕಾಲ್ದೊ' ಅಂತ ಕೋಳಿ, ಮೀನಿನಿಂದ ಹಿಡಿದು ಸಾರಿನ ನೀರಿನ ತನಕ ಹೆಸರು ಹಿಡಿದು ಹೇಳಬೇಕು.

ಮಕ್ಕಳ ಊಟವೇ ಬೇರೆ ಲೆಕ್ಕ. ಐಸಿಬಿಎಫ್ ಆರೈಕೆಯಲ್ಲಿ ಬೆಳೆದ ಮಕ್ಕಳ ನಾಲಿಗೆಗೆ ಬಿಯೆನೆಸ್ತಾರಿನಾ ಕೊಲಾದಾ ಹತ್ತಿರುತ್ತದೆ. ಅದು 1976ರಿಂದ ಐಸಿಬಿಎಫ್ ಹಂಚುತ್ತಿರುವ ಪೌಷ್ಟಿಕ ಹಿಟ್ಟಿನ ಗಂಜಿ, ಅಂಗಡಿಯಲ್ಲಿ ಮಾರುವಂತಿಲ್ಲ. ಮೊದಲ ದಿನವೇ ರಾಗಿ ಗಂಜಿ ಇಟ್ಟವರಿಗೆ ಲೋಟ ತುಂಬಿದ್ದು ತುಂಬಿದಂತೇ ವಾಪಸ್ ಬರುತ್ತದೆ, ನಮಗೂ ಬಂತು. ಆಮೇಲೆ ಮಾಡಿದ್ದು ಹೀಗೆ: ನಾಲ್ಕು ದಿನ ಬರೀ ಜೋಳದ ಪಿಷ್ಟ, ಹಾಲು, ಪನೇಲಾ, ಒಂದು ತುಂಡು ಚಕ್ಕೆ. ಐದನೇ ದಿನದಿಂದ ಪಿಷ್ಟದಲ್ಲಿ ಕಾಲು ಭಾಗ ತೆಗೆದು ರಾಗಿ. ಎರಡು ದಿನಕ್ಕೊಮ್ಮೆ ಇನ್ನೊಂದು ಕಾಲು. ಬಣ್ಣ ಚಾಕೊಲೇಟಿನ ಹಾಗಾಗಿದ್ದು ನಮ್ಮ ಪುಣ್ಯ. ಎರಡನೇ ವಾರ ಮುಗಿಯುವ ಮೊದಲೇ ಪೂರ್ತಿ ರಾಗಿ. ಚಕ್ಕೆ ಮಾತ್ರ ಬಿಡಬೇಡಿ. ಮಧ್ಯಾಹ್ನ ಮೊದಲು ಸೂಪು, ಆಮೇಲೆ ಅನ್ನ, ಈ ಕ್ರಮ ಮುರಿಯಬೇಡಿ. ತಿಳಿಸಾರನ್ನು ಬಟ್ಟಲಿಗೆ ಹಾಕಿ ಮೊದಲು ಕೊಟ್ಟರೆ ಅದೇ ಸೂಪು.

ಇಡ್ಲಿ ಹಿಟ್ಟಿನ ಪ್ರಯೋಗ ಇದಕ್ಕೆ ಸಂಬಂಧವಿಲ್ಲದ್ದು, ಆದರೂ ಹೇಳಿಬಿಡುತ್ತೇನೆ. 16 ಡಿಗ್ರಿಯ ಅಡುಗೆಮನೆಯಲ್ಲಿ 24 ಗಂಟೆಯಾದರೂ ಹಿಟ್ಟು ಅಲ್ಲಾಡಲಿಲ್ಲ. ದೀಪ ಹಚ್ಚಿದ ಓವನ್ನಿನಲ್ಲಿಟ್ಟರೆ 20 ಗಂಟೆಗೆ ಸ್ವಲ್ಪ ಉಬ್ಬಿತು. ಬ್ರೆಡ್ಡಿನ ಈಸ್ಟ್ ಹಾಕಿದ್ದು ಬಿಯರಿನ ವಾಸನೆ. ನಾಲ್ಕನೆಯದಕ್ಕೆ ಪಾಲೊಕೆಮಾವೊ ಮಾರುಕಟ್ಟೆಯ ಒಂದು ಪದಾರ್ಥ ಒಂದು ಚಮಚ ಬೆರೆಸಿದೆ, 14 ಗಂಟೆಗೆ ಪಾತ್ರೆ ತುಂಬಿತು. ಯಾವುದು ಅಂತ ಹೇಳುವುದಿಲ್ಲ.

ಮಾತಿನಲ್ಲಿ ಕನ್ನಡವೇ ಕಾಲು ತೊಡರಿಸುತ್ತದೆ. ಸ್ಪ್ಯಾನಿಷಿನ 'ವ' ಬಾಯಲ್ಲಿ 'ಬ' ಆಗುವುದರಿಂದ 'ಬಾ' ಅಂದರೆ ಅವರ ಕಿವಿಗೆ 'ಹೋಗುತ್ತಾನೆ' ಅನ್ನುವ ಮಾತಾಗಿ ಕೇಳುತ್ತದೆ. ಮಗು ನಿಂತಲ್ಲೇ ಗೊಂದಲ. 'ಸಾಕು' ಅಂದರೆ ಸ್ವೆಟರ್, 'ಪಾಪ' ಅಂದರೆ ಆಲೂಗಡ್ಡೆ. ಮೊದಲ ತಿಂಗಳು 'ವೆಂಗಾ' (ಬನ್ನಿ) ಅನ್ನಿ, ಕನ್ನಡ ನಿಧಾನಕ್ಕೆ ಬರಲಿ. ಅಮೆರಿಕದ ತರಗತಿಯಲ್ಲಿ ಕಲಿತ 'ತು' (ನೀನು) ಕೂಡ ಅಷ್ಟಾಗಿ ನಡೆಯದು. ಬೊಗೊಟಾದ ಎಷ್ಟೋ ಮನೆಗಳಲ್ಲಿ ಮಕ್ಕಳಿಗೂ 'ಉಸ್ತೇದ್' ಅಂತ, ನಮ್ಮ 'ನೀವು' ಅನ್ನುವಂಥ ಮರ್ಯಾದೆ.

ತಿರುಗಾಟ ಕಡಿಮೆ ಮಾಡಿ. ಮೊದಲ ವಾರ ಮೊನ್‌ಸೆರಾತೆ ಬೆಟ್ಟ ಬೇಡ, ಅದು 3,152 ಮೀಟರ್, ತಲೆನೋವು ಬಂದೀತು. ಭಾನುವಾರ ಬೆಳಗ್ಗೆ 7ರಿಂದ 2ರವರೆಗೆ ದೊಡ್ಡ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಸೈಕಲ್ಲಿಗೆ ಬಿಡುತ್ತಾರೆ, ಖರ್ಚಿಲ್ಲದ ಆಟ ಅದು.

ಎಲ್ಲ ಸೇರಿ ಹೋಟೆಲ್, ಬಾಡಿಗೆ, ಊಟ, ಟ್ಯಾಕ್ಸಿಗೆ ಸುಮಾರು 90 ಲಕ್ಷ ಪೆಸೊ, ಅಂದಾಜು 2,300 ಡಾಲರ್. ವಕೀಲರ ಫೀಸು ಬೇರೆ. ಪೂರ್ತಿ ಹೋಟೆಲಿನಲ್ಲಿದ್ದವರು ಹೇಳಿದ ಮೊತ್ತ ಇದರ ಎರಡರಷ್ಟಕ್ಕಿಂತ ಹೆಚ್ಚು.

ಕಾಗದದಲ್ಲಿ ಎರಡು ಕಡೆ ಕನ್ನಡಿಗರು ಎಡವುತ್ತಾರೆ. ಒಂದು, ಅಡ್ಡಹೆಸರು. ಅಲ್ಲಿ ಮಗುವಿಗೆ ಅಪ್ಪನದೊಂದು, ಅಮ್ಮನದೊಂದು, ಎರಡು ಅಡ್ಡಹೆಸರು. ನಮ್ಮಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯಲ್ಲಿರುತ್ತದೆ, ಅದೇ ಮಗುವಿಗೆ ಅಂಟುತ್ತದೆ. ತೀರ್ಪು ಕೈಗೆ ಬಂದಾಗ ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ನೋಟರಿಯಲ್ಲಿ ಜನನ ದಾಖಲೆ ಆದಮೇಲೆ ತಿದ್ದಲು ಹೋದರೆ ಪಾಸ್‌ಪೋರ್ಟೂ ವೀಸಾವೂ ಸಾಲಾಗಿ ಹಿಂದೆ ಬೀಳುತ್ತವೆ.

ಇನ್ನೊಂದು, ಒಬ್ಬರು ಕೆಲಸಕ್ಕೆಂದು ಮುಂಚೆ ವಾಪಸಾಗುವವರಿಗೆ. ಮಗು ಕೊಲಂಬಿಯಾದ ಪ್ರಜೆಯೂ ಹೌದು, ಒಬ್ಬರೇ ಕರೆದುಕೊಂಡು ದೇಶ ಬಿಡಬೇಕಾದರೆ ಇನ್ನೊಬ್ಬರು ನೋಟರಿ ಮುಂದೆ ಸಹಿ ಮಾಡಿದ ಅನುಮತಿ ಬೇಕು. ಹೋಗುವ ಜಾಗ, ಕಾರಣ, ಹೊರಡುವ ಮತ್ತು ಮರಳುವ ತಾರೀಖು ಅದರಲ್ಲಿರಬೇಕು, ಜೊತೆಗೆ ಜನನ ದಾಖಲೆಯ ಪ್ರತಿ. ಹೊಸ ಹೆಸರಿನ ದಾಖಲೆ ಕೈಗೆ ಬಂದ ದಿನವೇ, ಒಬ್ಬರು ವಿಮಾನ ಹತ್ತುವ ಮೊದಲು, ಇಬ್ಬರೂ ನೋಟರಿಗೆ ಹೋಗಿ ಇದನ್ನು ಮುಗಿಸಿ. ಎರಡು ಪ್ರತಿ ಮಾಡಿಸಿ, ಒಂದು ಕೈಚೀಲದಲ್ಲಿರಲಿ.